ಚೋಕ್ ಅರ್ಧದಲ್ಲಿತ್ತು

ಇಂಜಿನ್ ಬಿಸಿಯಾಗುವ ಮುಂಚೆ ಗಾಡಿ ಎಳೆಯುವವರನ್ನು ನಮ್ಮ ಕಚೇರಿಯ ಡ್ರೈವರ್ರು ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ನನಗೆ ಆ ಲೆಕ್ಕಕ್ಕೆ ಸೇರಲು ಎರಡು ಚಳಿಗಾಲ ಹಿಡಿಯಿತು. ನಮ್ಮ ಮೇಲಧಿಕಾರಿಗಳಲ್ಲಿ ಅನೇಕರು ಸೇರದೆಯೇ ಬಡ್ತಿ ಪಡೆದರು, ಸನ್ಮಾನ ಮಾಡಿಸಿಕೊಂಡರು, ನಿವೃತ್ತರಾಗಿ ಮನೆಗೂ ಹೋದರು.

ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ಅಳಿಯ ಫೋನ್ ಮಾಡಿ ಹೇಳಿದ. ಬಿಳಿಕೆರೆಯಿಂದ ಒಳಗೆ ಹೋಗಬೇಕಾದ ಅವರ ಊರಿಗೆ ಹೋಗಿ ಎಲ್ಲರನ್ನೂ ಮಾತಾಡಿಸಿಕೊಂಡು ಬಂದೆ. ಜಗಲಿಯ ಮೇಲೆ ಕೂತಿದ್ದ ಅವರ ಹೆಂಡತಿ ನನ್ನನ್ನು ನೋಡಿದ್ದೇ ಸೆರಗನ್ನು ಬಾಯಿಗೆ ಹಿಡಿದುಕೊಂಡರು. "ಬೆಳಿಗ್ಗೆ ಎದ್ದು ಅರ್ಧ ಗಂಟೆ ಮಾತೇ ಆಡ್ತಿರ್ಲಿಲ್ಲ ಕಣ್ರಿ ಸಾರ್. ಇರಮ್ಮಿ, ಇನ್ನೂ ಬಿಸಿಯಾಗಿಲ್ಲ ಅನ್ನೋರು. ಅವತ್ತೂ ಅಂಗೇ ಇರ್ಬೇಕು ಅಂತ ನಾನು ಸುಮ್ಕೆ ಕಾಪಿ ಇಟ್ಬುಟ್ಟು ಒಂಟೋದೆ," ಎಂದರು. ನನಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಎರಡನ್ನೂ ತಡೆದುಕೊಂಡು ತಲೆ ತಗ್ಗಿಸಿದೆ. ತಲೆ ಎತ್ತಿ ನೋಡಿದರೆ ಅಳುತ್ತಿದ್ದ ಅವರೂ ಒಂದಿಷ್ಟು ನಗುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಹುಣಸೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಅವರು "ಜೀಪ್ ಡ್ರೈವರ್ರು" ಅಷ್ಟೇ. ಸಂಬಳದ ಪಟ್ಟಿಯಲ್ಲಿದ್ದ ಹೆಸರು ಹಿಡಿದು ಕೂಗಿದರೆ ಅವರೇ ಅತ್ತಿತ್ತ ನೋಡುತ್ತಿದ್ದರು.

ನಮ್ಮದು ಕಾಲುವೆ, ಕೆರೆ ಏರಿ, ತೂಬುಗಳನ್ನು ನೋಡಿಕೊಳ್ಳುವ ಸಣ್ಣ ಕಚೇರಿ. ನಾನು ಅಲ್ಲಿ ಕಿರಿಯ ಇಂಜಿನಿಯರ್. ಅತ್ತ ಕೆ.ಆರ್. ನಗರ, ಇತ್ತ ಪಿರಿಯಾಪಟ್ಟಣ, ಕೆಳಗೆ ಎಚ್.ಡಿ. ಕೋಟೆ, ಎಲ್ಲ ಕಡೆಗೂ ಓಡಾಟ. ಓಡಾಡಲು ಇದ್ದದ್ದು ಒಂದೇ ಗಾಡಿ, ನನಗಿಂತ ಮುಂಚೆ ಹುಟ್ಟಿದ್ದ ಒಂದು ಪೆಟ್ರೋಲ್ ಜೀಪು. ಅದರ ಮೂಲ ಬಣ್ಣ ಯಾವುದೆಂದು ಕಚೇರಿಯಲ್ಲಿ ಎರಡು ಪಕ್ಷಗಳಿದ್ದವು. ಬಾಗಿಲುಗಳು ಇರಲಿಲ್ಲ, ಹಾರ್ನ್ ಮಳೆ ಬಂದಾಗ ಮಾತ್ರ ತಾನಾಗಿ ಕೂಗುತ್ತಿತ್ತು. ಕೆರೆ ಏರಿಯ ಮೇಲೆ, ಕೆಸರಿನ ಗದ್ದೆಯ ಬದುವಿನಲ್ಲಿ, ಬೇರೆ ಗಾಡಿಗಳು ನಿಂತು ಯೋಚನೆ ಮಾಡುವ ಜಾಗದಲ್ಲೆಲ್ಲ ಇದು ಸರಾಗವಾಗಿ ಹೋಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಹೊರಡಬೇಕಲ್ಲ, ಅದೇ ದೊಡ್ಡ ಕಥೆ.

ನಾನು ಕೆಲಸಕ್ಕೆ ಸೇರಿ ಮೂರನೆಯ ದಿನ. ಹಲ್ಲು ಕಟಕಟ ಅನ್ನುವ ಚಳಿ. ಚುಂಚನಕಟ್ಟೆಯ ಕಡೆ ಕಾಲುವೆಯ ಏರಿ ಒಂದು ಕಡೆ ಜಿನುಗುತ್ತಿದೆ ಎಂದು ಸುದ್ದಿ ಬಂದಿತ್ತು. ಆ ಕಾಲುವೆಯನ್ನು ನಾನೊಬ್ಬನೇ ಹೋಗಿ ಉಳಿಸಬೇಕೆಂಬ ಹುಮ್ಮಸ್ಸಿನಲ್ಲಿ ಆರೂವರೆಗೇ ಜೀಪ್ ಹತ್ತಿ ಕೂತು, "ನಡೀರಿ," ಎಂದೆ.

ಅವರು ನನ್ನ ಕಡೆ ನೋಡಲೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿದ್ದ ಒಂದು ಕರಿ ಗುಂಡಿಯನ್ನು ಎಡಗೈಯಲ್ಲಿ ಪೂರ್ತಿ ಎಳೆದು ಹಿಡಿದುಕೊಂಡರು. ಅದೇ ಚೋಕ್. ಆಮೇಲೆ ಇಂಜಿನ್ ಎಬ್ಬಿಸಿದರು. ಅದು ಎರಡು ಸಲ ಕೆಮ್ಮಿತು, ಒಂದು ಸಲ ಸೀನಿತು, ಹಿಂದಿನ ಗೋಡೆಗೆ ಕರಿ ಹೊಗೆ ಉಗುಳಿ ಗಡಗಡ ನಡುಗುತ್ತ ನಿಂತಿತು. ಇವರು ಚೋಕಿನಿಂದ ಕೈ ತೆಗೆಯಲಿಲ್ಲ. ಅದರ ಕೊಂಡಿ ಸವೆದು ಹೋಗಿ, ಕೈ ಬಿಟ್ಟರೆ ಗುಂಡಿ ತಾನಾಗಿ ಒಳಗೆ ಜಾರಿಕೊಳ್ಳುತ್ತಿತ್ತಂತೆ. ಬಲಗೈಯಲ್ಲೇ ತೊಡೆಯ ಮೇಲೆ ವೀಳ್ಯದೆಲೆ ಹರವಿ ನಿಧಾನವಾಗಿ ಸುಣ್ಣ ಹಚ್ಚತೊಡಗಿದರು.

"ಹೊರಡೋಣವಾ?" ಎಂದೆ.

"ಇರಿ ಸಾರ್, ಅದಿನ್ನೂ ಎದ್ದಿಲ್ಲ."

"ಓಡ್ತಾ ಇದೆಯಲ್ರಿ!"

"ಕಣ್ ಬುಟ್ಟದೆ. ಎದ್ದಿಲ್ಲ."

ಎಲೆ ಮಡಿಸಿದರು, ಅಡಿಕೆ ಸೇರಿಸಿದರು, ಬಾಯಿಗಿಟ್ಟರು. ಒಂದೊಂದು ಹಂತಕ್ಕೂ ಎಡಗೈಯ ಗುಂಡಿ ಒಂದೊಂದು ಬೆರಳಿನಷ್ಟು ಒಳಗೆ ಹೋಗುತ್ತಿತ್ತು. ನಡುವೆ ತಲೆ ಹೊರಗೆ ಹಾಕಿ, ಬಾಣಂತಿಯ ಕೋಣೆಯ ಹೊರಗೆ ನಿಂತವರ ಹಾಗೆ ಮೂಗು ಅರಳಿಸಿ ವಾಸನೆ ನೋಡುತ್ತಿದ್ದರು. ಅವರ ಮೂಗು ಹೇಳಿ ಮಾಡಿಸಿದ ಹಾಗೆ ಉದ್ದವಾಗಿತ್ತು. ಹಸಿ ಪೆಟ್ರೋಲಿನ ವಾಸನೆ ಹೋಗಿ ಇಂಜಿನ್ನಿನ ನಡುಕ ನಿಂತ ಮೇಲೆ ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ, ಬಾಯಿಯಲ್ಲಿದ್ದುದನ್ನು ಆಚೆ ಉಗುಳಿ, "ಈಗ ಏಳಿ ಸಾರ್, ಎಲ್ಲಿಗೆ ಓಗ್ಬೇಕು?" ಎಂದರು. ನಾವು ಚುಂಚನಕಟ್ಟೆ ಮುಟ್ಟುವಷ್ಟರಲ್ಲಿ ಊರಿನ ರೈತರೇ ಸೇರಿ ಮರಳ ಚೀಲ ಇಟ್ಟು ಕಾಲುವೆಯನ್ನು ಉಳಿಸಿಕೊಂಡಿದ್ದರು. ನನಗೆ ಕಾಫಿ ಕೊಟ್ಟು ಕಳಿಸಿದರು.

ವಾಪಸ್ ಬರುವಾಗ ನಾನು ಮುಖ ಊದಿಸಿಕೊಂಡಿದ್ದೆ. ಅದು ಅವರಿಗೆ ಗೊತ್ತಾಗಿ ಪಾಠ ಶುರು ಮಾಡಿದರು.

"ಚಳೀಲಿ ಪೆಟ್ರೋಲು ಆವಿ ಆಗಕ್ಕಿಲ್ಲ ಸಾರ್. ಹನಿ ಹನೀನೇ ಗೋಡೆಗೆ ಅಂಟ್ಕಂಡು ಕೂತ್ಕತದೆ. ಅದುಕ್ಕೆ ಗಾಳಿ ಬಾಗ್ಲು ಮುಚ್ಬುಟ್ಟು ಪೆಟ್ರೋಲ್ನ ಜಾಸ್ತಿ ಬುಡೋದು, ವಸಿನಾದ್ರೂ ಬೆಂಕಿ ಹತ್ಲಿ ಅಂತ. ನಿಮ್ಮಮ್ಮಾರು ಸೌದೆ ಒಲೆ ಹಚ್ಚೋವಾಗ ಸೀಮೆಣ್ಣೆ ಉಯ್ತಿರ್ಲಿಲ್ವಾ? ಅಂಗೇ."

"ಮತ್ತೆ ಆಮೇಲೆ ಯಾಕೆ ಒಳಗೆ ತಳ್ತೀರಿ?"

"ಒಲೆ ಹತ್ಕಂಡ ಮ್ಯಾಲೂ ಸೀಮೆಣ್ಣೆ ಉಯ್ತಾ ಕೂತ್ರೆ ಮನೆ ಹತ್ಕತದೆ ಸಾರ್. ಇಲ್ಲೂ ಅಷ್ಟೇಯ. ಪ್ಲಗ್ಗು ಮಸಿ ಹಿಡೀತದೆ, ಆಯಿಲ್ಲೆಲ್ಲ ತೊಳ್ದೋಗಿ ಪಿಸ್ಟನ್ನು ಸವ್ದೋಯ್ತದೆ. ಕೊಡೋದು ಎಲ್ರಿಗೂ ಬತ್ತದೆ. ಯಾವಾಗ ಎಷ್ಟು ಕಮ್ಮಿ ಮಾಡ್ಬೇಕು, ಅದು ಕಣ್ರಿ ಡ್ರೈವರ್ ಕೆಲ್ಸ."

ನಾನು ನಾಲ್ಕು ವರ್ಷ ಓದಿ ಬಂದವನು. ಇಂಜಿನ್ನಿನ ಮೇಲೆ ಒಂದು ಪರೀಕ್ಷೆಯನ್ನೂ ಬರೆದಿದ್ದೆ, ಪಾಸೂ ಆಗಿದ್ದೆ. ಆದರೆ ವಿಷಯ ಅರ್ಥವಾದದ್ದು ಆವತ್ತು, ಬಿಳಿಕೆರೆ ದಾಟುವಾಗ.

ಆಮೇಲೆ ಆಮೇಲೆ ಅವರ ಕಾಲದ ಅಳತೆಯೂ ರೂಢಿಯಾಯಿತು. ಬೇಸಿಗೆಯಲ್ಲಿ ಅರ್ಧ ಎಲೆಅಡಿಕೆ, ಮಳೆಗಾಲದಲ್ಲಿ ಒಂದು, ಚಳಿಗಾಲದಲ್ಲಿ ಒಂದು ಪೂರ್ತಿ ಮತ್ತು ಅದರ ಜೊತೆಗೆ ಮನೆಯ ಒಂದು ಸಮಾಚಾರ. ಕಚೇರಿಯ ಗಡಿಯಾರ ಕೆಟ್ಟು ನಿಂತಾಗ ನಮ್ಮ ಗುಮಾಸ್ತರು, "ಸಾಹೇಬರು ಹೋಗಿ ಎರಡು ಎಲೆಅಡಿಕೆ ಆಯ್ತು," ಎಂದು ಹೇಳುವಷ್ಟು ಅದು ಹರಡಿತ್ತು.

ಈ ಪದ್ಧತಿಯನ್ನು ಮುರಿಯಲು ಹೋದವರು ಒಬ್ಬರು ದೊಡ್ಡ ಸಾಹೇಬರು. ಹೊಸದಾಗಿ ಬಂದಿದ್ದರು. ಹುಣಸೂರಿನ ಪ್ರವಾಸಿ ಮಂದಿರದಲ್ಲಿ ಉಳಿದುಕೊಂಡು ಬೆಳಿಗ್ಗೆ ಮೈಸೂರಿನ ಸಭೆಗೆ ಹೋಗಬೇಕಿತ್ತು. ಅವರ ಕಾರು ಕೆಟ್ಟು ನಮ್ಮ ಜೀಪೇ ಗತಿಯಾಯಿತು. ಎಲೆಗೆ ಸುಣ್ಣ ಹಚ್ಚುವುದನ್ನು ನೋಡಿದವರೇ ಕಿಡಿಕಿಡಿಯಾದರು. "ಇದೇನ್ರೀ ಶೋಕಿ? ತೆಗೀರಿ ಗಾಡಿ!"

ಇವರು ಚೋಕ್ ಬಿಟ್ಟು ಗೇರ್ ಹಾಕಿದರು. ಜೀಪು ಗೇಟು ದಾಟಿತು, ರಸ್ತೆಗೆ ಬಂತು, ಮುಂದಿನ ತಿರುವಿನಲ್ಲಿದ್ದ ಟೀ ಅಂಗಡಿಯ ಮುಂದೆ ಒಂದು ಸಲ ಡಬ್ ಎಂದು ಸದ್ದು ಮಾಡಿ ನಿಂತುಹೋಯಿತು. ಸಾಹೇಬರು, "ಇಳೀರಿ, ನಾನು ನೋಡ್ತೀನಿ," ಎಂದು ಡ್ರೈವರ್ ಸೀಟಿಗೆ ತಾವೇ ಬಂದರು. ಚೋಕ್ ಎಳೆದರು, ಆಕ್ಸಿಲರೇಟರನ್ನು ಹತ್ತಿಪ್ಪತ್ತು ಸಲ ತುಳಿದರು, ಮತ್ತೆ ಚೋಕ್ ಎಳೆದರು. ಇವರು ಪಕ್ಕದಲ್ಲಿ ಕೈ ಕಟ್ಟಿ ನಿಂತು ಗಾಳಿಯನ್ನು ಮೂಸಿ, "ಸಾಕು ಬುಡಿ ಸಾರ್, ಮುಳುಗೋಯ್ತು," ಎಂದರು. ಪೆಟ್ರೋಲು ಹೆಚ್ಚಾಗಿ ಪ್ಲಗ್ಗುಗಳೆಲ್ಲ ನೆಂದುಹೋಗಿದ್ದವು.

ನಾಲ್ಕು ಪ್ಲಗ್ಗು ಬಿಚ್ಚಿ ಟೀ ಅಂಗಡಿಯ ಒಲೆಯ ಕೆಂಡದ ಅಂಚಿಗೆ ಇಟ್ಟರು. ಅಂಗಡಿಯಮ್ಮ ಜಾರೆ ಹಿಡಿದುಕೊಂಡೇ ಬಂದರು. "ಥೂ, ಏನ್ರೀ ಇದು, ನನ್ನ ಬೋಂಡದ ಒಲೇಲಿ ಕಬ್ಬಿಣ ಹುರೀತೀರಾ?"

"ಸಾಹೇಬ್ರು ಏಳವ್ರೆ ಕಣಕ್ಕ," ಎಂದು ಇವರು ಬೆಂಚಿನ ಕಡೆ ಕೈ ತೋರಿಸಿದರು. ಬೆಂಚಿನ ಮೇಲೆ ಸಾಹೇಬರು ಟೈ ಕಟ್ಟಿಕೊಂಡು ಕೂತಿದ್ದರು. ಅಂಗಡಿಯಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಓದಿರೋರು ನೀವು, ನಿಮಗಾದ್ರೂ ಗೊತ್ತಾಗ್ಬಾರ್ದಾ?" ಎಂದು ಬೈದರು. ಸಾಹೇಬರು ಸಭೆಗೆ ಬಸ್ಸಿನಲ್ಲಿ ಹೋದರು. ಹೋಗುವ ಮುಂಚೆ ಎರಡು ಬೋಂಡ ತಿಂದರು ಎಂದು ಇವರು ಎಲ್ಲರಿಗೂ ಹೇಳುತ್ತಿದ್ದರು. ನಾನು ಕಂಡಂತೆ ಅವರು ತಿಂದದ್ದು ಒಂದೇ.

ಸಾಹೇಬರ ಮುಂದೆ ಮಾತ್ರ ಹಟ, ಉಳಿದಂತೆ ಮೃದು ಮನುಷ್ಯ ಎಂದು ಯಾರಾದರೂ ತಿಳಿದರೆ ತಪ್ಪು. ಆನೆಯ ಮುಂದೆಯೂ ಅವರದು ಅದೇ ಹಟ. ವೀರನಹೊಸಹಳ್ಳಿಯ ಕಡೆ ಒಂದು ಕೆರೆಯ ತೂಬು ನೋಡಲು ಹೋಗಿ ರಾತ್ರಿ ಅಲ್ಲೇ ಕೆರೆಯ ನೀರು ಬಿಡುವ ನೀರಗಂಟಿಯ ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಹೊರಡೋಣವೆಂದು ಜೀಪಿನಲ್ಲಿ ಕೂತು ಇಂಜಿನ್ ಎಬ್ಬಿಸಿದ ಮೇಲೆ ನೋಡಿದರೆ, ಏರಿಯ ಆ ತುದಿಯಲ್ಲಿ ಒಂದು ಸಲಗ. ಕಿವಿ ಬೀಸುತ್ತ ನಮ್ಮನ್ನೇ ನೋಡುತ್ತಿತ್ತು. "ತೆಗೀರಿ, ತೆಗೀರಿ, ಹಿಂದಕ್ಕೆ ತೆಗೀರಿ!" ಎಂದು ಪಿಸುಗುಟ್ಟಿದೆ.

"ಚೋಕಿನ್ನೂ ಅರ್ಧದಲ್ಲದೆ ಸಾರ್. ಈಗ ಎಳುದ್ರೆ ಮಧ್ಯದಲ್ಲಿ ನಿಂತೋಯ್ತದೆ. ನಿಂತೋದ್ರೆ ಆನೆ ತಾವ ನೀವೇ ಮಾತಾಡ್ಬೇಕು, ನಂಗೆ ಬರಾಕಿಲ್ಲ."

ಆನೆ ಎರಡು ಹೆಜ್ಜೆ ಮುಂದೆ ಬಂತು. ಇವರು ಗುಂಡಿಯನ್ನು ಒಂದು ಬೆರಳು ಒಳಗೆ ತಳ್ಳಿದರು. ಇನ್ನೆರಡು ಹೆಜ್ಜೆ ಬಂತು. ಇನ್ನೊಂದು ಬೆರಳು. ನಮ್ಮ ಹೊಗೆ ಗಾಳಿಯಲ್ಲಿ ಏರಿಯುದ್ದಕ್ಕೂ ಹೋಗಿ ಅದರ ಸೊಂಡಿಲಿಗೆ ಮುಟ್ಟಿರಬೇಕು. ಅದು ಸೊಂಡಿಲನ್ನು ಮೇಲೆತ್ತಿ, ಅಸಹ್ಯದಿಂದ ಎನ್ನುವಂತೆ ತಲೆ ಕೊಡವಿ, ಏರಿ ಇಳಿದು ಕಾಡಿನ ಕಡೆ ಹೋಯಿತು. "ನೋಡುದ್ರಾ, ಅದುಕ್ಕೂ ಗೊತ್ತಾಯ್ತು, ಪೆಟ್ರೋಲ್ ವಸಿ ಜಾಸ್ತಿ ಆಗದೆ ಅಂತ," ಎಂದು ಅವರು ಪೂರ್ತಿ ಚೋಕ್ ಒಳಗೆ ತಳ್ಳಿ ಹೊರಟರು.

ನನ್ನ ಮದುವೆಯಾದ ಹೊಸತರಲ್ಲಿ ಹೆಂಡತಿ ಹುಣಸೂರಿಗೆ ಬಂದು ನಾಲ್ಕು ದಿನ ಒಂದು ಮಾತೂ ಆಡಲಿಲ್ಲ. ಎಲ್ಲಿಯೋ ಬಾಯಿ ತಪ್ಪಿ ಅದನ್ನು ಇವರ ಹತ್ತಿರ ಹೇಳಿಕೊಂಡೆ. "ಹೊಸ ಜಾಗ, ಹೊಸ ಚಳಿ ಸಾರ್. ಒಂದಷ್ಟು ದಿನ ಚೋಕ್ ಎಳ್ದೇ ಇಡಿ. ಒಳ್ಳೆ ಮಾತ್ನ ವಸಿ ಜಾಸ್ತಿಯೇ ಆಡಿ," ಎಂದರು. ನಾನು ವಿಧೇಯ ಶಿಷ್ಯ. ಸಾರು ಚೆನ್ನಾಗಿದೆ ಎಂದೆ, ಮುದ್ದೆ ಚೆನ್ನಾಗಿದೆ ಎಂದೆ, ನೀರು ಕೊಟ್ಟರೆ ನೀರೂ ಚೆನ್ನಾಗಿದೆ ಎಂದೆ. ಹತ್ತು ದಿನದ ಮೇಲೆ ಅವಳು ಬಾಯಿ ಬಿಟ್ಟಳು. ಮೊದಲ ಮಾತೇ, "ನೀವು ಏನೋ ತಪ್ಪು ಮಾಡಿದ್ದೀರಿ, ಏನದು ಹೇಳಿ," ಎಂದು. ಇದನ್ನು ಅವರಿಗೆ ವರದಿ ಮಾಡಿದಾಗ, "ಅಯ್ಯೋ, ಒಳಿಕ್ಕೆ ತಳ್ಳೋದು ಮರ್ತ್ಬುಟ್ರಿ ಸಾರ್," ಎಂದು ಬಹಳ ನೊಂದುಕೊಂಡರು.

ಹೀಗೆ ವರ್ಷಗಳು ಹೋದವು. ಕೊನೆಗೆ ಕಚೇರಿಗೆ ಒಂದು ಹೊಸ ಡೀಸೆಲ್ ಗಾಡಿ ಬಂತು. ಕೀಲಿ ತಿರುಗಿಸಿದರೆ ಹೊರಟಿತು, ಚೋಕ್ ಇಲ್ಲ, ಹೊಗೆ ಇಲ್ಲ, ಕಾಯುವುದಿಲ್ಲ. ಎಲ್ಲರಿಗೂ ಸಂಭ್ರಮ. ಇವರು ಅದನ್ನು ಓಡಿಸಿದರು, ಆದರೆ ಅದರ ಜೊತೆ ಮಾತು ಬಿಟ್ಟವರ ಹಾಗೆ ಓಡಿಸಿದರು. ಹಳೆಯ ಜೀಪನ್ನು ಕಚೇರಿಯ ಹಿಂದೆ ಹೊಂಗೆ ಮರದ ಕೆಳಗೆ ತಳ್ಳಿ ನಿಲ್ಲಿಸಿದೆವು. ಮುಂದಿನ ವರ್ಷ ಇವರೂ ನಿವೃತ್ತರಾದರು. ನಾವು ಹಾರ ಹಾಕಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟೆವು. ಅವರು ಶಾಲನ್ನು ಒಯ್ದು ಜೀಪಿನ ಸೀಟಿನ ಮೇಲೆ ಹಾಸಿ, ಗಡಿಯಾರ ಮಾತ್ರ ಮನೆಗೆ ತೆಗೆದುಕೊಂಡು ಹೋದರು.

ಅದಾದ ಆರು ತಿಂಗಳಿಗೆ ಹಳೆಯ ಸಾಮಾನುಗಳ ಹರಾಜು ಎಂದು ತೀರ್ಮಾನವಾಯಿತು. ಸುದ್ದಿ ಹೇಗೆ ಮುಟ್ಟಿತೋ, ಮರುದಿನವೇ ಅವರು ನನ್ನ ಮೇಜಿನ ಮುಂದೆ ನಿಂತಿದ್ದರು.

"ಅದು ನಂಗೇ ಬೇಕು ಸಾರ್."

ಅವರು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ವರ್ಗ ಬೇಡ, ಮುಂಗಡ ಬೇಡ, ರಜೆಯೂ ಬೇಡ ಎಂದು ಇದ್ದುಬಿಟ್ಟಿದ್ದ ಮನುಷ್ಯ. ಮನೆಯಲ್ಲಿ ಆಗಲೇ ಎಮ್ಮೆಗಳನ್ನು ಆಚೆ ಕಟ್ಟಿ, ಕೊಟ್ಟಿಗೆಯ ಅರ್ಧ ಭಾಗವನ್ನು ಸಾರಿಸಿ ಇಟ್ಟಿದ್ದರಂತೆ. ಹೆಂಡತಿ, "ಅದು ಒಳಿಕ್ಕೆ ಬಂದ್ರೆ ನಾನು ಆಚಿಕ್ಕೆ ಓಯ್ತೀನಿ," ಎಂದು ಹೇಳಿದ್ದಕ್ಕೆ, "ಎಮ್ಮೆ ಜೊತೇಲಿ ಜಾಗ ಅದೆ," ಎಂದು ಉತ್ತರ ಕೊಟ್ಟು ಎರಡು ದಿನ ಊಟಕ್ಕೆ ಪರದಾಡಿದ್ದರಂತೆ.

ಅವರಿಗೆ ಜೀಪು ಸಿಗುವುದಕ್ಕೆ ಒಂದೇ ದಾರಿ ಇತ್ತು. ಅದು ಓಡುವ ಗಾಡಿ ಎಂದು ಯಾರಿಗೂ ತಿಳಿಯಬಾರದು. ಗುಜರಿಯ ತೂಕಕ್ಕೆ ಹೋದರೆ ಅವರ ಕೈಗೆ ಎಟುಕುತ್ತಿತ್ತು. ನಾನು ವರದಿಯಲ್ಲಿ "ಚಾಲನೆಯಲ್ಲಿಲ್ಲ" ಎಂದು ಬರೆದೆ. ಅದು ಸುಳ್ಳಲ್ಲ, ಒಂದೂವರೆ ವರ್ಷದಿಂದ ಯಾರೂ ಅದನ್ನು ಚಾಲನೆ ಮಾಡಿರಲಿಲ್ಲ. "ನೀವು ಅವತ್ತು ಬಾಯಿ ಮುಚ್ಕೊಂಡು ನಿಂತರೆ ಸಾಕು," ಎಂದೆ. "ಅದೇನು ದೊಡ್ಡ ಇಚಾರ ಬುಡಿ ಸಾರ್," ಎಂದರು.

ಹರಾಜಿನ ದಿನ ಅವರು ತಮ್ಮನ ಮಗನ ಟ್ರ್ಯಾಕ್ಟರಿನಿಂದ ಬಿಚ್ಚಿದ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಒಂದು ಡಬ್ಬ ಪೆಟ್ರೋಲು ಹಿಡಿದುಕೊಂಡು, ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಬಂದರು. ಹರಾಜು ಮುಗಿದ ಕೂಡಲೇ ಓಡಿಸಿಕೊಂಡು ಹೋಗುವ ಸಿದ್ಧತೆ. ಮದುವೆ ಗಂಡಿನ ಹಾಗೆ ಕಾಣುತ್ತಿದ್ದರು. ಡಬ್ಬವನ್ನೂ ಚೀಲವನ್ನೂ ಹೊಂಗೆ ಮರದ ಹಿಂದೆ ಬಚ್ಚಿಡಿಸಿದೆ.

ಬಂದವರು ಹೆಚ್ಚಿರಲಿಲ್ಲ. ಮುರಿದ ಕುರ್ಚಿ, ತುಕ್ಕು ಹಿಡಿದ ಪೈಪುಗಳು ಹೋದವು. ಜೀಪಿನ ಸರದಿ ಬಂದಾಗ ಕೂಗಲು ಉಳಿದವರು ಇಬ್ಬರೇ, ಕೆ.ಆರ್. ನಗರದ ಒಬ್ಬ ಗುಜರಿ ವ್ಯಾಪಾರಿ ಮತ್ತು ನಮ್ಮವರು. ಎಚ್.ಡಿ. ಕೋಟೆಯಲ್ಲಿ ಗುತ್ತಿಗೆ ಜಮೀನಿನಲ್ಲಿ ಶುಂಠಿ ಬೆಳೆಯುತ್ತಿದ್ದ ಕೇರಳದ ಒಬ್ಬರು ಪೈಪು ಕೊಳ್ಳಲು ಬಂದವರು, ಸುಮ್ಮನೆ ನೋಡುತ್ತ ನಿಂತಿದ್ದರು. ಗುಜರಿಯವನು ಒಂದು ಕೂಗಿದ, ಇವರು ಅದರ ಮೇಲೊಂದು ಕೂಗಿದರು. ಅವನು ಇನ್ನೊಂದು ಕೂಗಿದ, ಇವರು ಮತ್ತೊಂದು. ಅವನು ಜೀಪಿನ ಸುತ್ತ ಒಂದು ಸುತ್ತು ಬಂದು ಸಾಕೆಂದು ಕೈ ಆಡಿಸಿದ. ಹರಾಜು ನಡೆಸುತ್ತಿದ್ದ ಅಧಿಕಾರಿ, "ಒಂದನೇ ಸಾರಿ," ಎಂದರು. "ಎರಡನೇ ಸಾರಿ," ಎಂದರು.

ಆಗ ಗುಜರಿಯವನು ಸೋತ ಸಿಟ್ಟಿಗೆ ಬಾನೆಟ್ಟಿನ ಮೇಲೆ ಒಂದು ಗುದ್ದಿ ಹೇಳಿದ. "ತಕ್ಕಳಿ ಯಜಮಾನ್ರೇ, ಹೆಣ ಒತ್ಕಂಡೋಗಿ. ಯಾವನೋ ದಡ್ಡ ಡ್ರೈವರ್ರು ಚೋಕ್ ಎಳೆದೂ ಎಳೆದೂ ಇದುನ್ನ ಸಾಯ್ಸವ್ನೆ. ಒಳಗೆ ಎಲ್ಲ ತೊಳ್ದೋಗಿರ್ತದೆ."

ನಾನು ಇವರ ಷರಟಿನ ತುದಿ ಹಿಡಿದುಕೊಂಡೆ. ಇಸ್ತ್ರಿ ಬಟ್ಟೆ ಕೈಯಿಂದ ಜಾರಿಹೋಯಿತು.

"ಇರಿ ಸಾರ್, ಮೂರ್ನೇದು ಅನ್ಬೇಡಿ," ಎಂದರು ಅಧಿಕಾರಿಗೆ. ಆಮೇಲೆ ಗುಜರಿಯವನ ಕಡೆ ತಿರುಗಿದರು. "ಯಾವನ್ಲಾ ಸಾಯ್ಸಿರೋನು? ಬಾ ಇಲ್ಲಿ."

ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಕೊನೆಗೆ ಬಾಯಿ ಬಿಟ್ಟು, "ಬೇಡ ಕಣ್ರೀ," ಎಂದೂ ಹೇಳಿದೆ. ಅವರು ಮರದ ಹಿಂದಿನಿಂದ ಬ್ಯಾಟರಿ ತಂದು ಕೂಡಿಸಿದರು, ಪೆಟ್ರೋಲು ಸುರಿದರು, ಸೀಟಿನ ಮೇಲಿನ ಶಾಲು ಕೊಡವಿ ಕೂತರು. ಎಡಗೈಯಲ್ಲಿ ಚೋಕ್ ಪೂರ್ತಿ ಎಳೆದು ಹಿಡಿದು ಇಂಜಿನ್ ತಿರುಗಿಸಿದರು. ಎರಡು ಕೆಮ್ಮು, ಒಂದು ಸೀನು, ಒಂದೂವರೆ ವರ್ಷದ ಎಲೆ ಧೂಳು ಎಲ್ಲ ಹಾರಿ, ಹೊಂಗೆ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು, ಜೀಪು ನಡುಗುತ್ತ ನಿಂತಿತು. ಗುಜರಿಯವನ ಮುಖಕ್ಕೆ ಸರಿಯಾಗಿ ಹೊಗೆ ಹೋಯಿತು. ಸುಳ್ಳೇಕೆ, ಆ ಗಳಿಗೆ ನಾನೂ ಚಪ್ಪಾಳೆ ತಟ್ಟಿಬಿಟ್ಟೆ.

"ಗಾಡಿ ಓಡುತ್ತೆ ಅಂತ ಯಾರೂ ಹೇಳಲೇ ಇಲ್ಲವಲ್ಲ," ಎಂದರು ಅಧಿಕಾರಿ, ನನ್ನ ಕಡೆ ನೋಡುತ್ತ. ಮೂರನೇ ಸಾರಿ ಇನ್ನೂ ಹೇಳಿರಲಿಲ್ಲ, ಹರಾಜು ಮುಂದುವರಿಯಿತು. ಗುಜರಿಯವನು ಒಂದು ಕೂಗಿದ. ಶುಂಠಿಯವರು ಮುಂದೆ ಬಂದು ಅದರ ಮೇಲೆ ಕೂಗಿದರು. ಮತ್ತೆ ಇವನು, ಮತ್ತೆ ಅವರು. ಗುಜರಿಯವನು ಈ ಸಲ ನಿಜವಾಗಿ ಕೈ ಚೆಲ್ಲಿದ. ಬೆಲೆ ಇನ್ನೂ ನಮ್ಮವರ ಕೈಗೆ ಎಟುಕುವ ಜಾಗದಲ್ಲೇ ಇತ್ತು. ನಾನು ಜೀಪಿನ ಹತ್ತಿರ ಓಡಿ, "ಕೂಗ್ರೀ! ಒಂದು ಸಾರಿ ಕೂಗ್ರೀ!" ಎಂದು ಕಿರುಚಿದೆ.

ಅವರು ನನ್ನ ಕಡೆ ನೋಡಿದರು. ಬಲಗೈಯ ಒಂದು ಬೆರಳು ಎತ್ತಿ, ಇರಿ ಎಂದು ತೋರಿಸಿ, ತಲೆ ಹೊರಗೆ ಹಾಕಿ ಹೊಗೆಯ ವಾಸನೆ ನೋಡಿದರು. ಅಧಿಕಾರಿ, "ಮೂರನೇ ಸಾರಿ," ಎಂದರು.

ಅದಾಗಿ ಸುಮಾರು ಹೊತ್ತಿನ ಮೇಲೆ ಅವರು ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ ಕೆಳಗಿಳಿದರು. ಮುಖ ಅರಳಿತ್ತು. "ಕೇಳುದ್ರಾ ಸಾರ್? ಒಂದೇ ಒಂದು ಮಿಸ್ಸಿಂಗ್ ಇಲ್ಲ. ಬಟ್ಟೆ ಒಲಿಯೋ ಮಿಸನ್ ಅಂಗೆ ಓಡ್ತಾ ಅದೆ."

"ನಿಮ್ಮ ತಲೆ!" ಎಂದೆ. "ಅವರಿಗೆ ಆಗೋಯ್ತು ಗಾಡಿ. ಒಂದು ಸಾರಿ ಬಾಯಿ ಬಿಟ್ಟಿದ್ದರೆ ನಿಮ್ಮದಾಗ್ತಿತ್ತಲ್ರೀ!"

ಅವರು ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. "ಚೋಕ್ ಅರ್ಧದಲ್ಲಿತ್ತಲ್ಲ ಸಾರ್," ಎಂದರು. ಆಮೇಲೆ ನಿಧಾನವಾಗಿ ಅವರಿಗೆ ಅರ್ಥವಾಯಿತು. ಬಿಳಿ ಷರಟಿನ ಮೇಲೆ ಗ್ರೀಸಿನ ಗೆರೆಯೊಂದು ಬಿದ್ದಿತ್ತು. ಅದನ್ನು ಉಜ್ಜುತ್ತ ಬಹಳ ಹೊತ್ತು ನಿಂತರು. ಉಜ್ಜಿದಷ್ಟೂ ಅದು ದೊಡ್ಡದಾಯಿತು. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಹಿಡಿದುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ.

ಶುಂಠಿಯವರು ಕಾಗದಗಳಿಗೆ ಸಹಿ ಹಾಕಿ ಬಂದರು. ಒಳ್ಳೆಯ ಮನುಷ್ಯ. ಇಂಜಿನ್ ಆರಿಸಿ, ಚೋಕಿನ ಗುಂಡಿ ಎಳೆದು ನೋಡಿದರು. ಅದು ಒಳಗೆ ಜಾರಿತು. ಮತ್ತೆ ಎಳೆದರು, ಮತ್ತೆ ಜಾರಿತು.

"ಅಣ್ಣಾ, ಇದು ನಿಲ್ಲೋದಿಲ್ಲ. ನಮ್ಮ ಶೆಡ್ಡಿನ ಹತ್ರ ಬೆಳಿಗ್ಗೆ ಭಾರೀ ಚಳಿ. ಹೇಗೆ ಸ್ಟಾರ್ಟ್ ಮಾಡೋದು? ಸ್ವಲ್ಪ ಹೇಳಿಕೊಡಿ," ಎಂದರು.

"ಈಗ ಆಗಾಕಿಲ್ಲ," ಎಂದರು ಇವರು. "ಬಿಸಿ ಇಂಜಿನ್ನಲ್ಲಿ ತಣ್ಣನೆ ಸ್ಟಾರ್ಟ್ ಎಂಗೆ ಕಲ್ಸೋದು? ಅದು ಪೂರ್ತಿ ಆರ್ಬೇಕು. ಅಲ್ಲೀಗಂಟ ಕೂತ್ಕಳಿ."

ಮಾತು ನ್ಯಾಯವಾಗಿತ್ತು. ಮೂವರೂ ಹೊಂಗೆ ಮರದ ಕೆಳಗೆ ಕೂತೆವು. ಇವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, "ಸುಡ್ತದೆ," ಎಂದರು. ಬಾಳೆಹಣ್ಣು ತರಿಸಿ ತಿಂದೆವು. ಎಡಕ್ಕೆ ತಿರುಗಿಸುವಾಗ ಅದು ಕಿರುಗುಡುತ್ತದೆ, ಹೆದರಬೇಕಾಗಿಲ್ಲ ಎಂದು ಹೇಳಿದರು. ಯಾವ ನೆಟ್ಟು ಸಡಿಲವಾಗುತ್ತದೆ, ಯಾವ ಇಳಿಜಾರಿನಲ್ಲಿ ಎರಡನೇ ಗೇರು ಜಾರುತ್ತದೆ ಎಂದು ಹೇಳಿದರು. ಶುಂಠಿಯವರು ಒಂದು ಚೀಟಿಯಲ್ಲಿ ಮಲಯಾಳಂನಲ್ಲಿ ಬರೆದುಕೊಂಡರು. ಎರಡು ಗಂಟೆಗೆ ಇವರು ಎದ್ದು ಅಂಗೈ ಇಟ್ಟು, "ಇನ್ನೂ ಕಾವದೆ," ಎಂದರು. ಮೂರಕ್ಕೂ ಹಾಗೇ ಎಂದರು. ಬಿಸಿಲು ಇಳಿಯಿತು, ಚಳಿಗಾಳಿ ಏಳತೊಡಗಿತು. ಕಚೇರಿಯವರು ಬೀಗ ಹಾಕಿಕೊಂಡು ಹೊರಟರು.

ಶುಂಠಿಯವರು ಗಡಿಯಾರ ನೋಡಿಕೊಂಡು ಎದ್ದರು. "ಅಣ್ಣಾ, ಈಗ ಆಗಿರಬೇಕಲ್ಲ? ಕೋಟೆಗೆ ಹೋಗೋಷ್ಟರಲ್ಲಿ ಕತ್ತಲಾಗುತ್ತೆ."

ಇವರು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತೆಗೆಯಲಿಲ್ಲ. "ಇನ್ನೂ ಬಿಸಿ ಅದೆ ಕಣ್ರಿ," ಎಂದರು.

ಶುಂಠಿಯವರಿಗೆ ಅನುಮಾನ ಬಂದಿರಬೇಕು. ನನ್ನ ಕಡೆ ತಿರುಗಿ, "ಸಾರ್, ನೀವು ಇಂಜಿನಿಯರ್, ನೀವೊಂದು ಸಾರಿ ನೋಡಿ," ಎಂದರು.

ನಾನು ಹೋಗಿ ಅವರ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟೆ. ಕಬ್ಬಿಣ ಕಲ್ಲಿನ ಹಾಗೆ ತಣ್ಣಗಿತ್ತು. ಅವರು ನನ್ನನ್ನು ನೋಡಲಿಲ್ಲ, ತಮ್ಮ ಕೈಯನ್ನೇ ನೋಡುತ್ತಿದ್ದರು.

"ಹೌದ್ರಿ, ಇನ್ನೂ ಬಿಸಿ ಇದೆ," ಎಂದೆ. "ಅರ್ಧ ಗಂಟೆಯಾದರೂ ಬೇಕು."